ಸಂಕ್ರಾಂತಿ: ಬಿಡದಿ–ರಾಮನಗರ ಸೀಮೆಯ ಸುಗ್ಗಿ ಹಬ್ಬ

ಸೂರ್ಯ ಮಕರ ರಾಶಿಯನ್ನು ಪ್ರವೇಶಿಸುವ ದಿನ, ಅಂದರೆ ಈಗಿನ ಲೆಕ್ಕದಲ್ಲಿ ಜನವರಿ 14 ಅಥವಾ 15ರಂದು, ಆಚರಿಸುವ ಹಬ್ಬ. ಬಿಡದಿ, ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳ ರಾಗಿ ಸೀಮೆಯಲ್ಲಿ ಇದನ್ನು ಕೊಯ್ಲಿನ ಹಬ್ಬ ಎನ್ನುವುದು ವಾಡಿಕೆ. ಇಲ್ಲಿನ ಬೇಸಾಯದ ಕ್ರಮವನ್ನು ಗಮನಿಸಿದರೆ ಇದನ್ನು ಕಣದ ಮತ್ತು ದನದ ಹಬ್ಬ ಎನ್ನುವುದೇ ಹೆಚ್ಚು ಸರಿ. ಮುಂಗಾರಿನಲ್ಲಿ ಬಿತ್ತಿದ ರಾಗಿ ನವೆಂಬರ್–ಡಿಸೆಂಬರ್ ವೇಳೆಗೆ ಕಟಾವಾಗಿ, ಸಂಕ್ರಾಂತಿಯ ಹೊತ್ತಿಗೆ ಮೆದೆಯಲ್ಲೋ ಕಣದಲ್ಲೋ ಇರುತ್ತದೆ. ಹೊಲದಲ್ಲಿ ಆಗ ಹಸಿರಾಗಿ ಉಳಿದಿರುವುದು ರಾಗಿಯ ನಡುವೆ ಅಕ್ಕಡಿ ಸಾಲಾಗಿ ಬಿತ್ತಿದ ಅವರೆ. ಹಗಲು ಚಿಕ್ಕದಾದ ಮೇಲೆ ಹೂಬಿಟ್ಟು, ಚಳಿಗಾಲದ ಇಬ್ಬನಿಯಲ್ಲಿ ಸೊಗಡು ತುಂಬಿಕೊಳ್ಳುವ ಈ ಕಾಯಿಯನ್ನು ಗೆಣಸು, ಕಡಲೆಕಾಯಿಗಳ ಜೊತೆ ಬೇಯಿಸಿ ತಿನ್ನುವುದು ಹಬ್ಬದ ವಿಶೇಷ.

ಕಾಲನಿರ್ಣಯ

ಹಬ್ಬದ ಮೂಲ ಆಕಾಶದಲ್ಲಿದೆ, ಸೂರ್ಯನ ಉತ್ತರಾಯಣವನ್ನು ಸ್ವಾಗತಿಸುವುದೇ ಇದರ ಅರ್ಥ ಎಂಬ ವಾದ ಪ್ರಬಲವಾಗಿದೆ. ಆದರೆ ಸೂರ್ಯ ಉತ್ತರಕ್ಕೆ ತಿರುಗುವುದು ಡಿಸೆಂಬರ್ 21–22ರಂದೇ. ಪಂಚಾಂಗ ನಕ್ಷತ್ರಗಳನ್ನು ಆಧರಿಸಿರುವುದರಿಂದಲೂ ಭೂಮಿಯ ಅಕ್ಷ ನಿಧಾನವಾಗಿ ಓಲುತ್ತಿರುವುದರಿಂದಲೂ ಸಂಕ್ರಮಣ ಸುಮಾರು 72 ವರ್ಷಕ್ಕೆ ಒಂದು ದಿನದಂತೆ ಮುಂದೆ ಸರಿಯುತ್ತ ಬಂದಿದೆ. ಎರಡರ ನಡುವೆ ಮೂರು ವಾರಕ್ಕೂ ಹೆಚ್ಚಿನ ಅಂತರ ಬಿದ್ದರೂ ಹಬ್ಬ ಸೊರಗಿಲ್ಲ. ಇದನ್ನು ಹಿಡಿದು ನಿಲ್ಲಿಸಿದ್ದು ಖಗೋಳವೊಂದೇ ಅಲ್ಲ ಎನ್ನಲು ಇಷ್ಟು ಸಾಕು. ಹಾಗೆಂದು ಪಂಚಾಂಗವನ್ನು ಪಕ್ಕಕ್ಕಿಡುವಂತಿಲ್ಲ. ಚಾಂದ್ರಮಾನದ ಹಬ್ಬಗಳು ವರ್ಷದಿಂದ ವರ್ಷಕ್ಕೆ ಹಿಂದುಮುಂದಾಗುತ್ತವೆ, ಸೌರಮಾನದ ಸಂಕ್ರಾಂತಿ ಬೇಸಾಯದ ಋತುವಿಗೆ ಅಂಟಿಕೊಂಡೇ ಬರುತ್ತದೆ. ದಿನವನ್ನು ಗೊತ್ತುಮಾಡಿದ್ದು ಪಂಚಾಂಗ, ಆ ದಿನಕ್ಕೆ ಕೆಲಸ ತುಂಬಿದ್ದು ಕಣ ಎನ್ನಬಹುದು.

ಕಣ ಮತ್ತು ರಾಶಿ

ಕೊಯ್ದ ರಾಗಿಯನ್ನು ಹೊಲದಲ್ಲಿ ಒಣಗಿಸಿ, ಕಂತೆ ಕಟ್ಟಿ, ಮೆದೆ ಒಟ್ಟುತ್ತಿದ್ದರು. ಬಡಿಯುವ ಕೆಲಸಕ್ಕೆ ಅವಸರವಿರಲಿಲ್ಲ. ನೆಲ ಕೆತ್ತಿ, ನೀರು ಚಿಮುಕಿಸಿ, ಗಟ್ಟಿಸಿ, ಸಗಣಿಯಿಂದ ಸಾರಿಸಿದ ಕಣದಲ್ಲಿ ತೆನೆ ಹರಡಿ, ಎತ್ತುಗಳಿಂದ ರೋಣಗಲ್ಲು ಎಳೆಸಿ, ಉದುರಿದ ಕಾಳನ್ನು ಗಾಳಿಗೆ ತೂರಿ ರಾಶಿ ಮಾಡುತ್ತಿದ್ದರು. ರಾಶಿಯ ನೆತ್ತಿಗೆ ಸಗಣಿಯ ಬೆನಕನನ್ನಿಟ್ಟು ಪೂಜಿಸಿದ ಮೇಲೆಯೇ ಅಳತೆ. ಮೊದಲ ಕೊಳಗಕ್ಕೆ ‘ಒಂದು’ ಎನ್ನದೆ ‘ಲಾಭ’ ಎಂದು, ಎರಡನೆಯದರಿಂದ ಎಣಿಕೆ ಸಾಗುತ್ತಿತ್ತು. ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ. ಮನೆಗೆ ಹೋಗುವ ಮುನ್ನ ಈ ರಾಶಿಯಿಂದಲೇ ಕಮ್ಮಾರ, ಬಡಗಿ, ಅಗಸ, ಕುಂಬಾರ, ತಳವಾರ, ತೋಟಿ, ನೀರುಗಂಟಿ ಮೊದಲಾದ ಆಯಗಾರರ ಪಾಲು, ಅಂದರೆ ಆಯ, ಸಲ್ಲಬೇಕಿತ್ತು. 1800–01ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕನನ್ 1807ರಲ್ಲಿ ಪ್ರಕಟವಾದ ತನ್ನ ಪ್ರವಾಸಗ್ರಂಥದಲ್ಲಿ ದೇವರಿಗೆ, ಪುರೋಹಿತರಿಗೆ, ಊರಿನ ಕಸುಬುದಾರರಿಗೆ, ಸರ್ಕಾರಕ್ಕೆ ರಾಶಿ ಹೀಗೆ ಹಂಚಿಹೋಗುವುದನ್ನು ದಾಖಲಿಸಿದ್ದಾನೆ. ಕಣವೆಂದರೆ ಒಕ್ಕುವ ಜಾಗ ಮಾತ್ರವಾಗಿರದೆ ಊರಿನ ವರ್ಷದ ಲೆಕ್ಕ ಚುಕ್ತಾ ಆಗುವ ಜಾಗವೂ ಆಗಿತ್ತು. ಇದನ್ನು ಊರೊಟ್ಟಿನ ಔದಾರ್ಯವೆಂದು ಹಾಡಿಹೊಗಳುವುದು ಮಾತ್ರ ತಪ್ಪಾದೀತು. ಪಾಲುಗಳು ಸಮನಾಗಿರಲಿಲ್ಲ, ಜಾತಿಯಿಂದ ಬಂದ ಚಾಕರಿಗೆ ಕಟ್ಟುಬಿದ್ದಿದ್ದವು. 1863ರಲ್ಲಿ ಆರಂಭವಾದ ಕಂದಾಯ ಮೋಜಣಿಯ ಬಳಿಕ ಸರ್ಕಾರದ ಪಾಲು ನಿಗದಿಯಾದ ಹಣದ ಕಂದಾಯವಾಗಿ ನೆಲೆಗೊಂಡಿತು. ಗ್ರಾಮಾಧಿಕಾರಗಳನ್ನು ರದ್ದುಗೊಳಿಸಿದ 1961ರ ಕಾಯಿದೆಯೊಂದಿಗೆ ಆಯದ ಉಳಿದ ಬುಡವೂ ಸಡಿಲಾಯಿತು.

ಕಿಚ್ಚು ಹಾಯಿಸುವುದು

ಹಬ್ಬದ ಬೆಳಗ್ಗೆ ದನಗಳ ಮೈ ತೊಳೆದು, ಅರಿಸಿನ ಹಚ್ಚಿ, ಕೊಂಬಿಗೆ ಬಣ್ಣ ಬಳಿದು, ಬೆನ್ನಿಗೆ ಗೌಸು ಹೊದಿಸುತ್ತಾರೆ. ಸಂಜೆ ದಾರಿಗಡ್ಡವಾಗಿ ಹುಲ್ಲು ಹರಡಿ ಬೆಂಕಿಯಿಟ್ಟು ಅವನ್ನು ದಾಟಿಸುತ್ತಾರೆ. ದನದ ಮೈಗಂಟಿದ ಉಣ್ಣೆಹುಳು ಸಾಯಲೆಂದು ಹೀಗೆ ಮಾಡುತ್ತಾರೆ ಎಂಬ ವಿವರಣೆ ಜನಜನಿತ. ಕ್ಷಣಮಾತ್ರದ ಜಿಗಿತದಿಂದ ಅದು ಸಾಧ್ಯವೆನ್ನುವುದು ಕಷ್ಟ. ಉಳುಮೆಯಿಂದ ಒಕ್ಕಣೆಯವರೆಗೆ ದುಡಿದ ಹಳ್ಳಿಕಾರ್ ಎತ್ತಿಗೆ ಸಲ್ಲುವ ಮರ್ಯಾದೆಯೆಂದೇ ಇದನ್ನು ಓದಬೇಕು. ಮಂಡ್ಯ, ಮೈಸೂರಿನ ಭತ್ತದ ಊರುಗಳಲ್ಲೂ ಕಿಚ್ಚು ಇದೆಯಲ್ಲ, ರಾಗಿಗೇನು ಸಂಬಂಧ ಎಂದು ಕೇಳಬಹುದು. ಬೆಳೆ ಬೇರೆಯಾದರೂ ಕಣ ತುಳಿದದ್ದು ಅದೇ ಎತ್ತು. ಕಿಚ್ಚಿನ ಈ ವ್ಯಾಪ್ತಿ ಇದು ಕಣದ, ದನದ ಹಬ್ಬವೆಂಬ ವಾದಕ್ಕೇ ಪುಷ್ಟಿ ಕೊಡುತ್ತದೆ.

ಇಂದಿನ ರೂಪ

ಬಿಡದಿಯಲ್ಲಿ ಟೊಯೋಟಾ ಕಿರ್ಲೋಸ್ಕರ್ ಕಾರ್ಖಾನೆ 1999ರಲ್ಲಿ ಉತ್ಪಾದನೆ ಆರಂಭಿಸಿತು. ಸುತ್ತಣ ಹಲವು ಹೊಲಗಳು ಕೈಗಾರಿಕಾ ಪ್ರದೇಶವಾಗಿವೆ. ಉಳಿದೆಡೆ ರಾಗಿಯನ್ನು ಯಂತ್ರ ಒಕ್ಕುತ್ತದೆ, ಇಲ್ಲವೇ ಡಾಂಬರು ರಸ್ತೆಗೆ ಹರಡಿದ ತೆನೆಯ ಮೇಲೆ ವಾಹನಗಳು ಹಾಯುತ್ತವೆ. ಅಂಗಡಿಯಲ್ಲಿ ಪೊಟ್ಟಣವಾಗಿ ಸಿಗುವ ಎಳ್ಳು-ಬೆಲ್ಲ ಪೇಟೆಯ ಹಬ್ಬವನ್ನು ಸಾಗಿಸುತ್ತಿದೆ. ಕಣ ಹೋದರೂ ಹಬ್ಬ ಉಳಿದಿದೆ, ಆದ್ದರಿಂದ ಕಣವೇ ಅದರ ಆಧಾರ ಎಂಬ ಮಾತು ನಿಲ್ಲದು ಎಂಬ ಆಕ್ಷೇಪಕ್ಕೆ ಇಲ್ಲಿ ಎಡೆಯಿದೆ. ಆದರೆ ಎಲ್ಲವೂ ಸಮವಾಗಿ ಉಳಿದಿಲ್ಲ. ಬದುಕಿನ ಆಸರೆ ತಪ್ಪಿದ ರಾಶಿಪೂಜೆ, ಆಯದ ಹಂಚಿಕೆಗಳು ಮೊದಲು ಮರೆಯಾದವು. ಎತ್ತಿನ ಜಾಗಕ್ಕೆ ಸೀಮೆಹಸು ಬಂದರೂ ಹಾಲಿನ ಡೇರಿಯಿಂದಾಗಿ ದನ ಸಂಸಾರದ ಆದಾಯದಲ್ಲಿ ಉಳಿದುಕೊಂಡಿತು, ಅದರ ಜೊತೆಗೆ ಕಿಚ್ಚೂ ಉಳಿಯಿತು. ಈ ಸೀಮೆಯಲ್ಲಿ ಹಬ್ಬದ ಮುಂದಿನ ಗತಿಯನ್ನು ಹೊಲಕ್ಕಿಂತ ಕೊಟ್ಟಿಗೆಯೇ ನಿರ್ಧರಿಸುವ ಸಂಭವ ಹೆಚ್ಚು.