ಕೊಳವೆ ಕಾರ್ಖಾನೆಯ ಜೊತೆ ಹೊರಟ ಜನ



ನಮ್ಮ ಶಾಲೆಯ ಕೊಳವೆ ಬಾವಿ ರಿಪೇರಿಗೆ ಬಂದವರು ಹಳೆಯ ಪೈಪುಗಳನ್ನು ಅಂಗಳದಲ್ಲಿ ಸಾಲಾಗಿ ಇಟ್ಟಿದ್ದರು. ಏಳನೆಯ ತರಗತಿಯ ಹುಡುಗಿಯೊಬ್ಬಳು, "ಸರ್, ಇಷ್ಟುದ್ದ ತೂತು ಹೇಗೆ ಕೊರೀತಾರೆ?" ಎಂದು ಕೇಳಿದಳು. "ಕೊರೆಯೋದಿಲ್ಲಮ್ಮ, ಪಟ್ಟಿಯನ್ನು ಸುತ್ತಿ ಬೆಸೀತಾರೆ" ಎಂದೆ. ಅದರ ಹಿಂದಿನ ಕಥೆ ಇಲ್ಲಿದೆ.

ಇಂಗ್ಲೆಂಡಿನಲ್ಲಿ ಗ್ಯಾಸ್ ದೀಪ ಬಂದ ಹೊಸದರಲ್ಲಿ ಹಳೆಯ ಬಂದೂಕಿನ ನಳಿಗೆಗಳನ್ನು ಜೋಡಿಸಿ ಗ್ಯಾಸ್ ಹರಿಸಿದ್ದುಂಟು. 1825ರಲ್ಲಿ ಕಾರ್ನೀಲಿಯಸ್ ವೈಟ್‌ಹೌಸ್ ಹೊಸ ವಿಧಾನಕ್ಕೆ ಪೇಟೆಂಟ್ ಪಡೆದರು. ಕಬ್ಬಿಣದ ಪಟ್ಟಿಯನ್ನು ಚೆನ್ನಾಗಿ ಕಾಯಿಸಿ ಅಚ್ಚಿನ ಮೂಲಕ ಎಳೆದರೆ, ಅದು ದುಂಡಗಾಗಿ ಎರಡು ಅಂಚುಗಳೂ ಬೆಸೆದುಕೊಳ್ಳುತ್ತವೆ.

ವಿಕ್ಟೋರಿಯಾ ರಾಣಿಯ ಕಾಲದಲ್ಲಿ ರೈಲು, ಹಡಗಿನ ಬಾಯ್ಲರ್, ನಗರಗಳ ಗ್ಯಾಸು, ಎಲ್ಲಕ್ಕೂ ಕೊಳವೆ ಬೇಕಾಯಿತು. 1859ರಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ ಲಾಯ್ಡ್ ಅಂಡ್ ಲಾಯ್ಡ್ ಶುರುವಾಯಿತು. ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಆರಂಭವಾದ ಸ್ಟೀವರ್ಟ್ ಸಹೋದರರ ಕಂಪನಿ 1867ರಲ್ಲಿ ಹತ್ತಿರದ ಕೋಟ್‌ಬ್ರಿಡ್ಜ್‌ಗೆ ಹೋಯಿತು. ಕಬ್ಬಿಣದ ಜಾಗಕ್ಕೆ ಕ್ರಮೇಣ ಉಕ್ಕು ಬಂತು. 1903ರಲ್ಲಿ ಎರಡೂ ಕೂಡಿ ಸ್ಟೀವರ್ಟ್ಸ್ ಅಂಡ್ ಲಾಯ್ಡ್ಸ್ ಆಯಿತು.

1930ರ ದಶಕದ ಆರ್ಥಿಕ ಕುಸಿತದಲ್ಲಿ ಸ್ಕಾಟ್ಲೆಂಡಿನಲ್ಲಿ ಕೆಲಸವಿಲ್ಲದಾಯಿತು. ಕಂಪನಿಯು ಇಂಗ್ಲೆಂಡಿನ ನಡುಭಾಗದ ಕಾರ್ಬಿ ಎಂಬ ಹಳ್ಳಿಯನ್ನು ಆರಿಸಿಕೊಂಡಿತು. ಅಲ್ಲಿ ನೆಲದಡಿಯಲ್ಲೇ ಕಬ್ಬಿಣದ ಅದಿರಿತ್ತು. ಜನಸಂಖ್ಯೆ ಸುಮಾರು 1,500. 1934ರಲ್ಲಿ ಹೊಸ ಕಾರ್ಖಾನೆಯ ಮೊದಲ ಊದುಕುಲುಮೆ ಹೊತ್ತಿತು. ಸ್ಕಾಟ್ಲೆಂಡಿನಿಂದ ಸಾವಿರಾರು ಕುಟುಂಬಗಳು ಗಂಟುಮೂಟೆ ಕಟ್ಟಿಕೊಂಡು ಬಂದವು. ಊರಿಗೆ 'ಪುಟ್ಟ ಸ್ಕಾಟ್ಲೆಂಡ್' ಎಂದೇ ಹೆಸರಾಯಿತು. ಎರಡನೇ ಮಹಾಯುದ್ಧದಲ್ಲಿ ಇದೇ ಕಂಪನಿಯ ಉಕ್ಕಿನ ಕೊಳವೆಯನ್ನು ದಾರದ ಉಂಡೆಯಂತೆ ತೇಲುವ ದೊಡ್ಡ ಉರುಳೆಗೆ ಸುತ್ತಿ, ಫ್ರಾನ್ಸಿಗೆ ಪೆಟ್ರೋಲ್ ಕಳಿಸಲು ಸಮುದ್ರದ ತಳದಲ್ಲಿ ಹಾಸಿದರು.

1967ರಲ್ಲಿ ಕಂಪನಿ ಸರ್ಕಾರದ ಪಾಲಾಯಿತು. 1980ರಲ್ಲಿ ಕಾರ್ಬಿಯಲ್ಲಿ ಉಕ್ಕು ತಯಾರಿಕೆ ನಿಂತು ಸಾವಿರಾರು ಮಂದಿ ಕೆಲಸ ಕಳೆದುಕೊಂಡರು. ಕೊಳವೆ ವಿಭಾಗ ಮಾತ್ರ ಉಳಿಯಿತು. 1950ರ ದಶಕದಲ್ಲಿ ಇದೇ ಕಂಪನಿ ಟಾಟಾದವರ ಜೊತೆ ಸೇರಿ ಜಮ್‌ಶೆಡ್‌ಪುರದಲ್ಲಿ ಇಂಡಿಯನ್ ಟ್ಯೂಬ್ ಕಂಪನಿ ನಡೆಸಿತ್ತು. 2007ರಲ್ಲಿ ಕಾರ್ಬಿಯ ಕೊಳವೆ ಕಾರ್ಖಾನೆಯೇ ಟಾಟಾ ಸ್ಟೀಲ್ ಕೈಗೆ ಬಂತು.

ಕುಲುಮೆ ಆರಿದರೂ ಅಲ್ಲಿನ ಜನರ ಮಾತಿನಲ್ಲಿ ಸ್ಕಾಟ್ಲೆಂಡಿನ ಧಾಟಿ ಹೋಗಲಿಲ್ಲ. ಕಾರ್ಬಿಯಲ್ಲೇ ಹುಟ್ಟಿದವರ ಇಂಗ್ಲಿಷಿನಲ್ಲೂ ಅದು ಕೇಳಿಸುತ್ತದೆ. ಇದನ್ನು ಹೇಳಿದಾಗ ಆ ಹುಡುಗಿ, "ಅವರ ಮಾತಿಗೆ ಬೇರೆ ಶಾಲೆ ಇತ್ತಾ ಸರ್?" ಎಂದಳು. "ಇಲ್ಲಮ್ಮ, ಮನೆಯಲ್ಲಿ, ಬೀದಿಯಲ್ಲಿ ಆಡಿ ಆಡಿ ಉಳಿಸಿಕೊಂಡರು" ಎಂದೆ. ನಮಗೆ ಶಾಲೆಯಾದರೂ ಇದೆ.

ಪೈಪಿನ ಒಂದು ತುಂಡನ್ನು ತರಗತಿಯಲ್ಲಿ ಇಟ್ಟುಕೊಂಡಿದ್ದೇನೆ. ಒಳಗೆ ಬೆರಳಾಡಿಸಿದರೆ ಬೆಸುಗೆಯ ಗೆರೆ ತಗಲುತ್ತದೆ. ಮಕ್ಕಳು ಸರದಿಯ ಮೇಲೆ ಮುಟ್ಟಿ ನೋಡುತ್ತಿದ್ದಾರೆ.