ಕಾರ್ಖಾನೆಯ ವಿಷ, ಪ್ರಯೋಗಾಲಯದ ಸೂಕ್ಷ್ಮಾಣು: ಕಾನೂನಿನ ರಕ್ಷಣೆ

1984ರ ಡಿಸೆಂಬರ್ 2ರ ರಾತ್ರಿ ಭೋಪಾಲಿನ ಯೂನಿಯನ್ ಕಾರ್ಬೈಡ್ ಕೀಟನಾಶಕ ಕಾರ್ಖಾನೆಯಿಂದ ಮೀಥೈಲ್ ಐಸೋಸಯನೇಟ್ ಅನಿಲ ಸೋರಿ ಸಾವಿರಾರು ಜನ ಮೃತಪಟ್ಟರು. ಅನಿಲ ಸೋರಿದರೆ ಏನು ಮಾಡಬೇಕೆಂಬುದು ಸುತ್ತಲಿನ ನಿವಾಸಿಗಳಿಗೆ ತಿಳಿದಿರಲಿಲ್ಲ. ನಂತರದ ಕಾನೂನುಗಳು ಮಾಹಿತಿಯ ಹಕ್ಕಿಗೆ ಒತ್ತು ನೀಡಿದ್ದು ಈ ಕಾರಣದಿಂದಲೇ.

ರಾಸಾಯನಿಕ ಉದ್ಯಮ: 1987ರಲ್ಲಿ ಕಾರ್ಖಾನೆಗಳ ಕಾಯ್ದೆಗೆ ಅಪಾಯಕಾರಿ ಪ್ರಕ್ರಿಯೆಗಳ ಅಧ್ಯಾಯ ಸೇರಿತು. ಅಪಾಯದ ವಿವರವನ್ನು ಕಾರ್ಮಿಕರಿಗೂ ನೆರೆಹೊರೆಯವರಿಗೂ ತಿಳಿಸುವುದು, ಕಾರ್ಮಿಕರ ಆರೋಗ್ಯ ದಾಖಲೆ ಇಡುವುದು ಅಧಿಭೋಗದಾರನ ಹೊಣೆಯಾಯಿತು. 1948ರ ಆ ಕಾಯ್ದೆಯ ಸ್ಥಾನದಲ್ಲಿ 2020ರ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆಯು 2025ರ ನವೆಂಬರ್ 21ರಂದು ಜಾರಿಗೆ ಬಂದಿತು. ಅಪಾಯಕಾರಿ ಪ್ರಕ್ರಿಯೆಯ ಕಾರ್ಖಾನೆಯಲ್ಲಿ 250 ಅಥವಾ ಹೆಚ್ಚು ಕಾರ್ಮಿಕರಿದ್ದರೆ ಸುರಕ್ಷತಾ ಅಧಿಕಾರಿ ಕಡ್ಡಾಯ.

ಜೈವಿಕ ತಂತ್ರಜ್ಞಾನ: ಸೋರಿದ ಅನಿಲ ಗಾಳಿಯಲ್ಲಿ ಚದುರಿ ಕ್ಷೀಣಿಸುತ್ತದೆ; ಹೊರಬಿದ್ದ ಸೂಕ್ಷ್ಮಾಣು ವೃದ್ಧಿಸಬಹುದು. ಆದ್ದರಿಂದ 1986ರ ಪರಿಸರ ಸಂರಕ್ಷಣಾ ಕಾಯ್ದೆಯಡಿ ಅಪಾಯಕಾರಿ ಸೂಕ್ಷ್ಮಜೀವಿ ಹಾಗೂ ಕುಲಾಂತರಿ ಜೀವಿಗಳಿಗೆ 1989ರಲ್ಲಿ ಪ್ರತ್ಯೇಕ ನಿಯಮಗಳು ಬಂದವು. ಇಂತಹ ಕೆಲಸ ನಡೆಸುವ ಸಂಸ್ಥೆಯಲ್ಲಿ ವೈದ್ಯರನ್ನೂ ಜೈವಿಕ ತಂತ್ರಜ್ಞಾನ ಇಲಾಖೆಯ ನಾಮನಿರ್ದೇಶಿತರನ್ನೂ ಒಳಗೊಂಡ ಜೈವಿಕ ಸುರಕ್ಷತಾ ಸಮಿತಿ ಇರಬೇಕು. ಸ್ಥಳದ ತುರ್ತು ಯೋಜನೆಯನ್ನು ಸಿದ್ಧಪಡಿಸುವುದೂ ಕಡ್ಡಾಯ. ಜಿಲ್ಲಾ ಮಟ್ಟದಲ್ಲಿ ಜಿಲ್ಲಾಧಿಕಾರಿಯ ನೇತೃತ್ವದ ಸಮಿತಿಗೆ ಮೇಲ್ವಿಚಾರಣೆಯ ಹೊಣೆಯಿದೆ.

ಕಾರ್ಮಿಕರ ಹಕ್ಕು: ಗಂಭೀರ ಅಪಾಯ ಸನ್ನಿಹಿತವೆನಿಸಿದರೆ ಕಾರ್ಮಿಕರು ಉದ್ಯೋಗದಾತರಿಗೂ ನಿರೀಕ್ಷಕರಿಗೂ ತಿಳಿಸಬಹುದು. ಕರ್ನಾಟಕದಲ್ಲಿ ಈ ಹೊಣೆ ಕಾರ್ಖಾನೆ, ಬಾಯ್ಲರುಗಳು, ಕೈಗಾರಿಕಾ ಸುರಕ್ಷತೆ ಮತ್ತು ಆರೋಗ್ಯ ಇಲಾಖೆಯದು. ಪ್ರಯೋಗಾಲಯದಲ್ಲಿ ತಗುಲಿದ ಸೋಂಕು ಸಾಮಾನ್ಯ ಜ್ವರದಂತೆಯೇ ತೋರಬಹುದು. ಯಾವ ಸೂಕ್ಷ್ಮಾಣುವಿನೊಂದಿಗೆ ಕೆಲಸ ಮಾಡುತ್ತಿದ್ದೇನೆಂಬುದು ಕಾರ್ಮಿಕನಿಗೇ ತಿಳಿಯದಿದ್ದರೆ ವೈದ್ಯರಿಗೂ ತಿಳಿಯದು.