ಮೂರಕ್ಷರದ ಹೆಗ್ಗೋಡು

ಚಲನಚಿತ್ರಗಳಲ್ಲಿ ‘ಸತೀಶ್ ನೀನಾಸಂ’ ಎಂಬ ಹೆಸರನ್ನು ತಾವು ಓದಿರಬಹುದು. ನೀನಾಸಂ ಎಂಬುದು ಮನೆತನದ ಹೆಸರಲ್ಲ. ಸಾಗರದ ಸಮೀಪದ ಹೆಗ್ಗೋಡಿನಲ್ಲಿರುವ ಶ್ರೀ ನೀಲಕಂಠೇಶ್ವರ ನಾಟ್ಯಸೇವಾ ಸಂಘದ ಸಂಕ್ಷೇಪ. ಈ ಮೂರಕ್ಷರದಲ್ಲಿ ‘ಸೇವಾ’ ಎಂಬುದಕ್ಕೆ ಎಡೆ ಸಿಕ್ಕಿಲ್ಲವೆಂಬುದನ್ನು ಗಮನಿಸಿದಿರಾ?

ವಾಸ್ತವವಾಗಿ ಸಂಘ ನಿಂತದ್ದು ಸೇವೆಯ ಮೇಲೆಯೇ. 1949ರಲ್ಲಿ ಕೆ. ವಿ. ಸುಬ್ಬಣ್ಣನವರೂ ಅವರ ಗೆಳೆಯರೂ ಇದನ್ನು ಕಟ್ಟಿದಾಗ ಸಂಬಳದ ನಟರಿರಲಿಲ್ಲ. ಹಗಲು ಅಡಿಕೆ ತೋಟದಲ್ಲಿ ದುಡಿದವರೇ ರಾತ್ರಿ ಬಣ್ಣ ಹಚ್ಚಿದರು. ಪರದೆ ಕಟ್ಟಿದವರೂ, ಚಾಪೆ ಹಾಸಿದವರೂ ಅವರೇ. ಪಟ್ಟಣದ ಹವ್ಯಾಸಿ ಸಂಘಗಳು ಎಷ್ಟೋ ಹುಟ್ಟಿ ಅಳಿದವು. ಈ ಹಳ್ಳಿಯದು ಉಳಿಯಿತು.

1980ರಲ್ಲಿ ಇಲ್ಲಿ ರಂಗಶಿಕ್ಷಣ ಕೇಂದ್ರ ಆರಂಭವಾಯಿತು. 1985ರಿಂದ ‘ತಿರುಗಾಟ’ದ ತಂಡ ನಾಟಕಗಳನ್ನು ನಾಡಿನ ಊರೂರಿಗೆ ಒಯ್ಯತೊಡಗಿತು. ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂದಿತು. ಅಚ್ಯುತ್ ಕುಮಾರರಂತಹ ನಟರು ಇಲ್ಲಿ ಕಲಿತು ಹೊರಟು ಚಿತ್ರರಂಗದಲ್ಲಿ ಹೆಸರಾದರು. ಸಂತೋಷವೇ! ಆದರೆ ಶಿಕ್ಷಣ ಪಡೆದ ನಟರು ಬಂದರೆಂದು ಊರಿನ ಹವ್ಯಾಸಿಗಳನ್ನು ರಂಗದಿಂದ ಇಳಿಸಲಿಲ್ಲವೆಂಬುದೇ ನನಗೆ ಹೆಚ್ಚಿನ ಸಾಧನೆಯಾಗಿ ತೋರುತ್ತದೆ. 2005ರಲ್ಲಿ ಸುಬ್ಬಣ್ಣನವರು ತೀರಿಕೊಂಡ ಮೇಲೂ ಅವರು ತಾಲೀಮು ಬಿಡಲಿಲ್ಲ.